ಮುರಕಲ್ಲಿನ ಬಾವಿ, ಕೆಂಪಾಗುವ ನೀರು: ಯಾವ ಫಿಲ್ಟರ್, ಯಾವ ಕ್ರಮದಲ್ಲಿ?

ಕೇಳಿದ್ದು: ಕುಂದಾಪುರದ ಕಡೆ ಮನೆ. ತೆರೆದ ಬಾವಿ, ವ್ಯಾಸ 3 ಮೀಟರ್, ನೀರು 4 ಮೀಟರ್. ಸೇದಿದಾಗ ತಿಳಿ, ಬಾಲ್ದಿಯಲ್ಲಿ ರಾತ್ರಿ ಇಟ್ಟರೆ ಕೆಂಪು. ವರದಿಯಲ್ಲಿ ಕಬ್ಬಿಣ ಲೀಟರಿಗೆ 2.5 ಮಿಲಿಗ್ರಾಂ, ಪಿಎಚ್ 6.1 (7ಕ್ಕಿಂತ ಕಡಿಮೆ, ಅಂದರೆ ನೀರು ಹುಳಿ), ಟಿಡಿಎಸ್ (ಕರಗಿದ ಲವಣ) ಲೀಟರಿಗೆ 70 ಮಿಲಿಗ್ರಾಂ, ಕೋಲಿಫಾರ್ಮ್ (ಮಲದ ಕೊಳೆ ಸೇರಿರಬಹುದೆಂದು ತೋರಿಸುವ ಬ್ಯಾಕ್ಟೀರಿಯಾ) ಉಂಟು. ಅಂಗಡಿಯವರು ಸಾಫ್ಟ್‌ನರ್, ಆರ್‌ಒ (ಸೂಕ್ಷ್ಮ ಪೊರೆಯಲ್ಲಿ ಹಾಯಿಸಿ ಲವಣ ತೆಗೆಯುವ ಯಂತ್ರ) ಎರಡೂ ಹಾಕಿ ಅಂತಾರೆ.

ಉತ್ತರ 1: ಎರಡೂ ಬೇಡ ಮಾರಾಯ್ರೆ. ಸಾಫ್ಟ್‌ನರ್ ಇರುವುದು ಗಡಸು ನೀರಿಗೆ. ಕೆಂಪಾದ ಕಬ್ಬಿಣ ಅದರೊಳಗಿನ ರೆಸಿನ್ ಮಣಿಗಳ ಮೇಲೆ ಕೂತು ಅದನ್ನೇ ಕೆಡಿಸುತ್ತದೆ. ಟಿಡಿಎಸ್ 70ರ ನೀರಿಗೆ ಆರ್‌ಒ ಹಾಕಿ ತೆಗೆಯುವುದೇನು? ಪಿಎಚ್ ಇನ್ನಷ್ಟು ಇಳಿಯುತ್ತದೆ ಅಷ್ಟೆ. ಹೊಳೆಬಾಯಿಯ ಹತ್ತಿರ ಬೇಸಿಗೆಯಲ್ಲಿ ಉಪ್ಪಾಗುವ ಬಾವಿಯಾದರೆ ಮಾತು ಬೇರೆ.

ಉತ್ತರ 2: ಮೊದಲು ಗಾಳಿ ಹಾಯಿಸಿ. ಬಾವಿ ಪಂಪಿನ ಪೈಪಿನ ತುದಿಗೆ ಶವರ್ ಕೂರಿಸಿ, ನೆಲಮಟ್ಟದ 500 ಲೀಟರ್ ಟ್ಯಾಂಕಿಗೆ ಮೇಲಿನಿಂದ ಬೀಳಿಸಿ. ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಸ್ವಲ್ಪ ಏರುತ್ತದೆ, ಕಬ್ಬಿಣವೂ ಕಣವಾಗತೊಡಗುತ್ತದೆ. ಆಮೇಲೆ 1 ಎಚ್‌ಪಿ ಪಂಪು, 13 ಇಂಚು ವ್ಯಾಸ 54 ಇಂಚು ಎತ್ತರದ ಎಫ್‌ಆರ್‌ಪಿ (ಫೈಬರ್) ವೆಸೆಲ್, ಅಂದರೆ ಫಿಲ್ಟರಿನ ಕೊಳವೆ, ಅಲ್ಲಿಂದ ತಾರಸಿಯ ಟ್ಯಾಂಕು. ವೆಸೆಲ್ಲಿನ ಅಡಿಗೆ ಜಲ್ಲಿ, ಅದರ ಮೇಲೆ ಕಬ್ಬಿಣ ಹಿಡಿಯುವ ಮ್ಯಾಂಗನೀಸ್ ಡೈಆಕ್ಸೈಡ್ ಮೀಡಿಯಾ (ಸೋಸುವ ಹರಳು), ಮೇಲೊಂದು ಪದರ ಪಿಎಚ್ ಏರಿಸುವ ಕ್ಯಾಲ್ಸೈಟ್ (ಸುಣ್ಣದ ಕಲ್ಲಿನ ಹರಳು). ಕ್ಯಾಲ್ಸೈಟ್ ಕರಗುತ್ತಾ ಹೋಗುವುದರಿಂದ ಆಗಾಗ ತುಂಬಬೇಕು. ಗಂಟೆಗೆ ಸಾವಿರ ಲೀಟರಿಗಿಂತ ಹೆಚ್ಚು ಹಾಯಿಸಬೇಡಿ.

ಹೆಚ್ಚಿನವರ ಫಿಲ್ಟರ್ ಕೆಡುವುದು ಬ್ಯಾಕ್‌ವಾಶ್‌ನಲ್ಲಿ, ಅಂದರೆ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಕೆಸರು ತೊಳೆಯುವಲ್ಲಿ. ಮೀಡಿಯಾ ಮೇಲೇಳಲು ಈ ವೆಸೆಲ್ಲಿಗೆ ನಿಮಿಷಕ್ಕೆ ಕನಿಷ್ಠ 35 ಲೀಟರ್ ಬೇಕು. ತಾರಸಿ ಟ್ಯಾಂಕಿನ ಒತ್ತಡಕ್ಕೆ ಅಷ್ಟು ಬರುವುದು ಕಷ್ಟ. ಕೆಸರು ಒಳಗೇ ಉಳಿದು ಗಟ್ಟಿಯಾಗುತ್ತದೆ. ಪಂಪಿನಿಂದಲೇ ಮಾಡಿ, ಎರಡು-ಮೂರು ದಿನಕ್ಕೊಮ್ಮೆ, ನೀರು ತಿಳಿಯಾಗುವವರೆಗೆ. ವೆಸೆಲ್ಲಿನ ಮೂರನೇ ಒಂದು ಭಾಗ ಖಾಲಿ ಬಿಡಿ. ತುಂಬಿಸಿದರೆ ಮೀಡಿಯಾ ಚರಂಡಿಗೆ ಹೋಗುತ್ತದೆ.

ಉತ್ತರ 3: ಕೋಲಿಫಾರ್ಮ್ ಸಾಯಲು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ವಾಡಿಕೆಯ ಲೆಕ್ಕ ಸಾವಿರ ಲೀಟರಿಗೆ 2.5 ಗ್ರಾಂ. ನಿಮ್ಮ ಬಾವಿಯಲ್ಲಿ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ಆದರೆ ನಿಮ್ಮಲ್ಲಿ ಅದು ಸಾಲದು: ಒಂದು ಮಿಲಿಗ್ರಾಂ ಕಬ್ಬಿಣ 0.64 ಮಿಲಿಗ್ರಾಂ ಕ್ಲೋರಿನ್ ತಿನ್ನುತ್ತದೆ. 200 ಗ್ರಾಂನಿಂದ ಶುರುಮಾಡಿ. ಹಳೆಯ ಡಬ್ಬಿಯ ಪುಡಿಗೆ ಸತ್ವ ಇರುವುದಿಲ್ಲ. ಬಾಲ್ದಿಯಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಡಿ, ರಾತ್ರಿ ಹೊತ್ತು. ಒಂದು ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷಾ ಕಿಟ್‌ನಲ್ಲಿ ನೋಡಿದಾಗ ಉಳಿದ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಇರಬೇಕು. ನೀರು ಕೆಂಪಾದರೆ ಗಾಬರಿ ಬೇಡ, ಕಬ್ಬಿಣ ತಳಕ್ಕಿಳಿಯುವುದು ಹಾಗೆಯೇ.

ಉತ್ತರ 4: ಶೌಚದ ಗುಂಡಿ ಬಾವಿಯಿಂದ 15 ಮೀಟರಾದರೂ ದೂರ ಇದೆಯಾ? ಇಲ್ಲವಾದರೆ ಎಷ್ಟು ಬ್ಲೀಚಿಂಗ್ ಹಾಕಿದರೂ ಕೋಲಿಫಾರ್ಮ್ ವಾಪಸ್ ಬರುತ್ತದೆ. ಕಟ್ಟೆಯ ಸುತ್ತ ಒಂದು ಮೀಟರ್ ಸಿಮೆಂಟು ಹಾಕಿ, ಹೊರಕ್ಕೆ ಇಳಿಜಾರು ಕೊಡಿ. ಅಡುಗೆಮನೆಗೆ ಕಾರ್ಬನ್ (ಇದ್ದಿಲಿನ) ಫಿಲ್ಟರ್, ಅದರ ನಂತರ ಯುವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ದೀಪ) ಸಾಕು. ಕಬ್ಬಿಣ ಉಳಿದ ನೀರಿನಲ್ಲಿ ಯುವಿ ದೀಪದ ಗಾಜಿಗೆ ಕಲೆ ಕಟ್ಟಿ ಬೆಳಕು ಒಳಗೆ ಇಳಿಯುವುದಿಲ್ಲ.

ನೀರಿನ ಮೇಲೆ ಎಣ್ಣೆಯಂಥ ಪದರ ಇದ್ದರೆ ಕಡ್ಡಿ ಆಡಿಸಿ. ತುಂಡುತುಂಡಾಗಿ ಒಡೆದರೆ ಕಬ್ಬಿಣದ ಬ್ಯಾಕ್ಟೀರಿಯಾ, ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಮೊದಲನೆಯದಾದರೆ ಮೀಡಿಯಾ ತುಂಬುವ ಮುಂಚೆ ಬಾವಿಯ ಹೂಳು ತೆಗೆಸಿ, ಪೈಪುಗಳಲ್ಲೂ ಕ್ಲೋರಿನ್ ನೀರು ಹಾಯಿಸಿ.