ತಡವಾಗಿ ಬಂದ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಬಹುದೇ?

ಪ್ರಶ್ನೆ (ಒಬ್ಬ ತಾಯಿ, ರಾಯಚೂರು ಜಿಲ್ಲೆ): ಗುರುಗಳಿಗೆ ನಮಸ್ಕಾರ. ಹತ್ತಿ ಬಿಡಿಸುವ ದಿನಗಳಲ್ಲಿ ನಾನೂ ನಮ್ಮ ಯಜಮಾನರೂ ನಸುಕಿನಲ್ಲೇ ಹೊಲಕ್ಕೆ ಹೋಗುವುದರಿಂದ, ನಾಲ್ಕನೇ ತರಗತಿಯಲ್ಲಿ ಓದುವ ಮಗಳು ತಮ್ಮನನ್ನು ಅಂಗನವಾಡಿಗೆ ಬಿಟ್ಟು ಶಾಲೆ ತಲುಪುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಕಳೆದ ವಾರ ಮೂರು ದಿನ ಅವಳನ್ನು ಮೊದಲ ಅವಧಿ ಮುಗಿಯುವವರೆಗೆ ಅಂಗಳದಲ್ಲಿ ಮೊಣಕಾಲೂರಿ ಕೂರಿಸಿದ್ದಾರೆ. ಕೇಳಲು ಹೋದರೆ ಟಿಸಿ ಒಯ್ಯಿರಿ ಎಂದರು. ಶಿಸ್ತು ಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಇದು ಸರಿಯೇ? ದೂರು ಕೊಟ್ಟರೆ ಮಗಳ ಮೇಲೆ ಸಿಟ್ಟು ತೀರಿಸಿಕೊಂಡಾರು ಎಂಬ ಅಂಜಿಕೆಯೂ ಇದೆ.

ಉತ್ತರ (ನಿವೃತ್ತ ಮುಖ್ಯೋಪಾಧ್ಯಾಯರು): ಸರಿಯಲ್ಲ ತಾಯಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದು, ಅದನ್ನು ಮೀರಿದವರು ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು 16ನೇ ಕಲಮು ಹೇಳುವುದರಿಂದ ಟಿಸಿಯ ಮಾತಿಗೂ ನೀವು ಹೆದರಬೇಕಾಗಿಲ್ಲ.

ಕಾನೂನಿನ ಮಾತು ಹಾಗಿರಲಿ. ತಡವಾಗಿ ಬಂದವಳನ್ನು ಹೊರಗೆ ಕೂರಿಸಿದರೆ ಅವಳಿಗೆ ತಪ್ಪಿದ ಪಾಠ ಇನ್ನಷ್ಟು ಹೆಚ್ಚುತ್ತದೆಯೇ ಹೊರತು, ಮರುದಿನ ತಮ್ಮನನ್ನು ಅಂಗನವಾಡಿಗೆ ಬಿಡುವ ಕೆಲಸ ತಪ್ಪುವುದಿಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ನಾನೂ ಕಾರಣ ಕೇಳದೆ ಮಕ್ಕಳನ್ನು ಹೊರಗೆ ನಿಲ್ಲಿಸಿದ್ದೇನೆ. ಅದರ ನೋವು ಇಂದಿಗೂ ನನ್ನಲ್ಲಿ ಉಳಿದಿದೆ.

ಮೊದಲು ಶಾಲೆ ಬಿಟ್ಟ ಮೇಲೆ ವರ್ಗ ಶಿಕ್ಷಕರನ್ನು ಕಂಡು ಮನೆಯ ಪರಿಸ್ಥಿತಿಯನ್ನು ತಿಳಿಸಿರಿ, ಏಕೆಂದರೆ ಎಷ್ಟೋ ಸಲ ಅವರಿಗೆ ಅದು ಗೊತ್ತೇ ಇರುವುದಿಲ್ಲ. ಅಷ್ಟಕ್ಕೂ ನಿಲ್ಲದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಎತ್ತಿರಿ. ಅಲ್ಲಿ ಹೆಚ್ಚಿನವರು ನಿಮ್ಮಂಥ ಪಾಲಕರೇ ಆಗಿರುವುದರಿಂದ, ಇನ್ನಿಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋದರೆ ನಿಮ್ಮ ಮಗಳೊಬ್ಬಳ ಮೇಲೆಯೇ ಯಾರ ಕಣ್ಣೂ ಬೀಳುವುದಿಲ್ಲ. ಆಮೇಲೂ ಮುಂದುವರಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿರಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಪ್ರಶ್ನೆ (ಶಿಕ್ಷಕಿ, ಕೊಪ್ಪಳ ಜಿಲ್ಲೆ): ಸರ್, ಆಟ ಮತ್ತು ಕಲಿಕಾ ಕಾರ್ಡುಗಳ ಮೂಲಕ ಕಲಿಸುವ ನಮ್ಮ ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ನಾನು ಬೆತ್ತವನ್ನು ಬಿಟ್ಟೆನಾದರೂ ಗದ್ದಲ ನಿಂತಿಲ್ಲ. ಏನು ಮಾಡಬೇಕು?

ಉತ್ತರ: ಬೆತ್ತ ಬಿಟ್ಟದ್ದು ಒಳ್ಳೆಯದಾಯಿತು ತಂಗಿ, ಆದರೆ ಅದರ ಜಾಗದಲ್ಲಿ ಬೇರೇನನ್ನೂ ಇಡದಿದ್ದರೆ ಮಕ್ಕಳಿಗೆ ದಾರಿ ಕಾಣುವುದಿಲ್ಲ. ಮೂರೋ ನಾಲ್ಕೋ ನಿಯಮಗಳು ಸಾಕು. ಅವನ್ನು ಮಕ್ಕಳಿಂದಲೇ ಹೇಳಿಸಿ, ಅವರ ಮಾತಿನಲ್ಲೇ ಗೋಡೆಯ ಮೇಲೆ ಬರೆಯಿಸಿರಿ. ‘ಗಲಾಟೆ ಮಾಡಬಾರದು’ ಎಂಬುದಕ್ಕಿಂತ ‘ಒಬ್ಬರು ಮಾತಾಡುವಾಗ ಉಳಿದವರು ಕೇಳೋಣ’ ಎಂಬುದು ಚಿಕ್ಕವರಿಗೆ ಬೇಗ ಅರ್ಥವಾಗುತ್ತದೆ. ಬಿಸಿಯೂಟದ ಸಾಲು, ನೀರು ಕುಡಿಯಲು ಹೋಗುವ ಸರದಿ, ಕಾರ್ಡುಗಳನ್ನು ತಟ್ಟೆಗೆ ಮರಳಿಸುವ ರೀತಿ, ಇವನ್ನು ಪಾಠದಷ್ಟೇ ತಾಳ್ಮೆಯಿಂದ ಮೊದಲ ವಾರಗಳಲ್ಲಿ ರೂಢಿ ಮಾಡಿಸಬೇಕು. ಗದ್ದಲದ ಬಹುಪಾಲು ಹುಟ್ಟುವುದು ಮಗುವಿಗೆ ಮುಂದೇನು ಮಾಡಬೇಕೆಂದು ತಿಳಿಯದ ಆ ನಡುವಿನ ನಿಮಿಷಗಳಲ್ಲಿ.

ಹೊಡೆದಾಡಿದವರನ್ನು ಎಲ್ಲರೆದುರು ವಿಚಾರಿಸಬೇಡಿ. ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಕೇಳಿರಿ. ಗೆಳೆಯನ ಪುಸ್ತಕ ಹರಿದವನು ನಿಮ್ಮ ಪಕ್ಕದಲ್ಲಿ ಕುಳಿತು ಅದಕ್ಕೆ ಅಂಟು ಹಚ್ಚಿ ರಟ್ಟು ಹಾಕಿ ಕೊಡಲಿ. ಎರಡು ವಾರ ಹೀಗೆ ನಡೆಸಿ, ಯಾವ ನಿಯಮ ನಿಲ್ಲಲಿಲ್ಲವೆಂಬುದನ್ನು ಇಲ್ಲಿಯೇ ಬರೆಯಿರಿ.