ಬಯಲಾಟಕ್ಕೆ 135 ಮಿ.ಮೀ. ಲೆನ್ಸೋ, 200 ಮಿ.ಮೀ. ಲೆನ್ಸೋ?

ಪ್ರಶ್ನೆ (ಕುಂಬಳೆಯಿಂದ):
ರಾತ್ರಿಯ ಯಕ್ಷಗಾನ ಬಯಲಾಟ ಮತ್ತು ತೆಯ್ಯಂಗಳನ್ನು (ದೈವಾರಾಧನೆಯ ವೇಷ-ಕುಣಿತ) ಫ್ಲ್ಯಾಷ್ ಬಳಸದೆ ಚಿತ್ರಿಸಲು ನನ್ನ ಫುಲ್‌ಫ್ರೇಮ್ (36×24 ಮಿ.ಮೀ. ಸಂವೇದಕದ) ಕ್ಯಾಮೆರಾಕ್ಕೆ ಒಂದು ಟೆಲಿಫೋಟೊ ಪ್ರೈಮ್ (ದೂರದ್ದನ್ನು ಹತ್ತಿರ ತೋರಿಸುವ, ಜೂಮ್ ಇಲ್ಲದ) ಲೆನ್ಸ್ ಕೊಳ್ಳಬೇಕೆಂದಿದ್ದೇನೆ. 135 ಮಿ.ಮೀ. ಎಫ್/1.8 ಮತ್ತು 200 ಮಿ.ಮೀ. ಎಫ್/2.8, ಇವುಗಳಲ್ಲಿ ಯಾವುದು ಸೂಕ್ತ? ಸಾಮಾನ್ಯವಾಗಿ ರಂಗಸ್ಥಳದಿಂದ 10 ಮೀಟರ್ ದೂರದಲ್ಲಿರುತ್ತೇನೆ.

ಉತ್ತರ (ಬದಿಯಡ್ಕದಿಂದ):
ನಿಸ್ಸಂದೇಹವಾಗಿ 135 ಎಂಬುದು ನನ್ನ ಅಭಿಪ್ರಾಯ. ಕ್ಯಾಮೆರಾವನ್ನು ಲಂಬವಾಗಿ (ಚೌಕಟ್ಟಿನ ಉದ್ದ ಬದಿ ಮೇಲೆ-ಕೆಳಗಾಗುವಂತೆ) ಹಿಡಿದರೆ 10 ಮೀಟರ್ ದೂರದಲ್ಲಿ ಅದರ ಚೌಕಟ್ಟಿಗೆ ಸುಮಾರು 2.7 ಮೀಟರ್ ಎತ್ತರ ದಕ್ಕುವುದರಿಂದ ಕಿರೀಟವೂ ಗೆಜ್ಜೆಯೂ ಒಟ್ಟಿಗೆ ಬರುತ್ತವೆ. 200ರಲ್ಲಿ ದಕ್ಕುವುದು 1.8 ಮೀಟರ್ ಮಾತ್ರ, ಎಂದರೆ ವೇಷಧಾರಿಯ ಪಾದವೋ ಕಿರೀಟವೋ ಕತ್ತರಿಸಿಹೋಗುತ್ತದೆ. ಬೆಳಕಿನ ವಿಷಯ ಇನ್ನೂ ಮುಖ್ಯವಾದುದು: ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ತೆರವು ದೊಡ್ಡದು; ಎಫ್/1.8 ತೆರವು ಎಫ್/2.8ಕ್ಕಿಂತ ಸುಮಾರು 2.4 ಪಟ್ಟು ಬೆಳಕನ್ನು ಒಳಗೆ ಬಿಡುವುದರಿಂದ, ಧೀಂಗಿಣವನ್ನು (ಗಿರಗಿರನೆ ತಿರುಗುವ ನೆಗೆತ) ಸ್ಥಿರವಾಗಿ ಹಿಡಿಯಲು ಬೇಕಾಗುವ 1/500 ಸೆಕೆಂಡಿನ ಶಟರ್ ವೇಗದಲ್ಲಿ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆಯ ಮಟ್ಟ) 6400ರ ಬದಲು 2500ರಷ್ಟೇ ಸಾಕಾಗುತ್ತದೆ. ದೊಂದಿಯ ಬೆಳಕಿನ ತೆಯ್ಯಂನಲ್ಲಿ ಈ ಅಂತರ ಬಹಳ ದೊಡ್ಡದು.

ಉತ್ತರ (ಮಂಜೇಶ್ವರದಿಂದ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಮುಖವರ್ಣಿಕೆಯ ಸೂಕ್ಷ್ಮ ರೇಖೆಗಳೇ ನಿಮ್ಮ ಮುಖ್ಯ ಆಸಕ್ತಿಯಾಗಿದ್ದರೆ 200 ಮಿ.ಮೀ. ಹೆಚ್ಚು ಹಿತ. 135ರ ಚಿತ್ರವನ್ನು 200ರ ಚೌಕಟ್ಟಿಗೆ ಕತ್ತರಿಸಿದಾಗ 45 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 20 ಉಳಿಯುತ್ತದೆ. ಮುದ್ರಣಕ್ಕೆ ಅದು ಸಾಲುತ್ತದೆ, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಾದರೆ 11 ಮಾತ್ರ. ಎಫ್/1.8ರಲ್ಲಿ 10 ಮೀಟರ್ ದೂರಕ್ಕೆ ಸ್ಪಷ್ಟತೆಯ ಆಳ (ಹಿಂದೆ ಮುಂದೆ ಸ್ಪಷ್ಟವಾಗಿ ಕಾಣುವ ಅಂತರ) ಸುಮಾರು 60 ಸೆಂ.ಮೀ. ಆಗಿರುವುದರಿಂದ ಇಬ್ಬರು ವೇಷಧಾರಿಗಳು ಹಿಂದೆ ಮುಂದೆ ನಿಂತಾಗ ಒಬ್ಬರು ಮಸುಕಾಗುತ್ತಾರೆ. ಯಾವುದನ್ನೇ ಕೊಂಡರೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿಯಲ್ಲಿರಿಸಿ.