ಕತ್ತಿ ‘ಮಾಯವಾಗಿದೆ’: ಮಂತ್ರವೋ, ದೋಷವೋ?

ಶಿರಸಿಯಿಂದ ಪ್ರಶ್ನೆ:

ಮಂತ್ರ-ಮಾಟದ ಜಗತ್ತಿನ ಒಂದು ಆನ್‌ಲೈನ್ ಆಟವನ್ನು ಕನ್ನಡಕ್ಕೆ ತರುವಾಗ ಎದ್ದ ತೊಡಕು ಇದು. ಮಂತ್ರಗಳ ವಿವರಣೆ ಒಂದು ಕಡತದಲ್ಲಿದೆ, ಆಡುವವರು ದೂರು ಕೊಡುವ ಪುಟದ ಪಠ್ಯ ಇನ್ನೊಂದರಲ್ಲಿ. ಎರಡರಲ್ಲೂ ‘ಮಾಯವಾಯಿತು’, ‘ಮಿನುಗುತ್ತಿದೆ’, ‘ಗೋಡೆಯೊಳಗೆ ಹೋಯಿತು’ ಎಂದೇ ಬರುತ್ತಿದೆ. ‘ಕತ್ತಿ ಮಾಯವಾಗಿದೆ’ ಎಂದು ಯಾರಾದರೂ ಬರೆದರೆ ಅದೃಶ್ಯ ಮಂತ್ರ ತಗುಲಿತೋ, ಚಿತ್ರವೇ ಬರಲಿಲ್ಲವೋ ತಿಳಿಯುವುದು ಹೇಗೆ? ಗ್ಲಿಚ್‌ಗೆ (ಕ್ಷಣಕಾಲದ ದೋಷ) ಮತ್ತು ‘ಮಾನಾ’ಕ್ಕೆ (ಮಂತ್ರ ಹಾಕಿದಾಗ ಖರ್ಚಾಗುವ ಶಕ್ತಿ) ಒಂದೊಂದು ಪದವೂ ಬೇಕಾಗಿದೆ.

ಕಾರವಾರದಿಂದ ಉತ್ತರ:

‘ಮಾಯ’ದ ಮೇಲೆ ನಾವು ಬಹಳ ಭಾರ ಹೊರಿಸಿದ್ದೇವೆ ಮಾರಾಯ್ರೆ. ಕಿಸೆಯ ಪೆನ್ನೂ ಮಾಯವಾಗುತ್ತದೆ, ರಂಗದ ಮೇಲಿನ ರಾಕ್ಷಸನೂ ಮಾಯವಾಗುತ್ತಾನೆ. ದೂರಿನ ಪುಟದಿಂದ ಈ ಪದವನ್ನು ಪೂರ್ತಿ ತೆಗೆದು ಮಂತ್ರದ ಕಡತಕ್ಕೇ ಬಿಟ್ಟುಕೊಡಿ. ದೋಷಕ್ಕೆ ‘ಮೂಡು’ ಸಾಕು: ‘ಕತ್ತಿ ಮೂಡಿಲ್ಲ’, ‘ಮುಖ ಅರ್ಧ ಮೂಡಿದೆ’, ‘ದೂರದ ಮರಗಳು ತಡವಾಗಿ ಮೂಡುತ್ತವೆ’. ಯಂತ್ರ ಚಿತ್ರ ಬಿಡಿಸುವ ಕೆಲಸಕ್ಕೆ ‘ಮೂಡಿಸು’ ಆಯಿತು.

ಮಂತ್ರದ ಕಡೆ ಮಾಡಿದವನೊಬ್ಬ ವಾಕ್ಯದಲ್ಲಿ ಇರಲಿ. ‘ಮಾಟ’ ಎಂಬ ಪದವೇ ಅದನ್ನು ಹೇಳುತ್ತದೆ: ಆಡು-ಆಟ, ನೋಡು-ನೋಟ, ಕೂಡು-ಕೂಟ, ಹಾಗೆಯೇ ಮಾಡು-ಮಾಟ. ಯಾರೋ ಮಾಡಿದ್ದು ಮಾಟ, ತಾನಾಗಿ ಆದದ್ದು ದೋಷ. (‘ಮೈಮಾಟ’ದಲ್ಲಿ ಇದೇ ಪದ ಅಂದದ ಅರ್ಥಕ್ಕೆ ತಿರುಗಿದೆ. ಪಾತ್ರದ ದೇಹ ತಿದ್ದುವ ಪುಟಕ್ಕೆ ಅದನ್ನು ಇಟ್ಟುಕೊಳ್ಳಬಹುದು.)

ಇನ್ನು ‘ಮಿನುಗು’. ನಕ್ಷತ್ರ ಮಿನುಗುತ್ತದೆ, ಎಣ್ಣೆ ತೀರಿದ ದೀಪ ಮಿಣುಕುತ್ತದೆ. ಮೊದಲನೆಯದನ್ನು ಮಂತ್ರಕ್ಕೆ, ಎರಡನೆಯದನ್ನು ದೋಷಕ್ಕೆ ಹಂಚಿ. ಆದರೆ ಪದ ಹಂಚಿದರೆ ಸಾಲದು, ಆಡುವವನಿಗೆ ಯಾವುದು ಯಾವುದೆಂದು ಗೊತ್ತಾಗಬೇಕು. ಕೋಟೆಗೋಡೆಯ ಮೇಲೆ ಬರೆದ ಮಂತ್ರಾಕ್ಷರ ಮಿಣುಕುತ್ತಿದೆ ಅನ್ನಿ. ಗೋಡೆ ಮತ್ತು ಅಕ್ಷರ ಎರಡೂ ಒಂದೇ ಆಳದಲ್ಲಿ, ಅಂದರೆ ಆಟದ ಕ್ಯಾಮೆರಾದಿಂದ ಒಂದೇ ದೂರದಲ್ಲಿ, ಇದ್ದರೆ ಯಾವುದು ಮುಂದಿನದೆಂದು ಯಂತ್ರಕ್ಕೆ ತೀರ್ಮಾನವಾಗುವುದಿಲ್ಲ. ಕೆಲವು ಚುಕ್ಕೆಗಳಲ್ಲಿ ಗೋಡೆ ಗೆಲ್ಲುತ್ತದೆ, ಪಕ್ಕದವುಗಳಲ್ಲಿ ಅಕ್ಷರ. ಗರಗಸದ ಹಲ್ಲಿನಂಥ ಪಟ್ಟೆಗಳು ಬೀಳುತ್ತವೆ. ಇದಕ್ಕೆ ‘ಪದರಜಗಳ’ ಎನ್ನಬಹುದು. ಪರೀಕ್ಷೆ ಸುಲಭ: ಕ್ಯಾಮೆರಾವನ್ನು ಅಲ್ಲಾಡಿಸದೆ ನಿಲ್ಲಿಸಿ. ಪಟ್ಟೆಗಳೂ ನಿಂತರೆ ಪದರಜಗಳ, ಹೊಳಪು ತನ್ನ ಪಾಡಿಗೆ ಮುಂದುವರಿದರೆ ಮಂತ್ರ. ಅಂಚು ನುಣುಪು ಮಾಡುವ ಟಿಎಎ ಸೌಲಭ್ಯವನ್ನು ಮೊದಲೇ ಆರಿಸಿಡಿ. ಅದು ಪ್ರತಿ ಫ್ರೇಮಿಗೂ ಚಿತ್ರವನ್ನು ಕೂದಲೆಳೆಯಷ್ಟು ಸರಿಸುವುದರಿಂದ, ನಿಂತ ಕ್ಯಾಮೆರಾದಲ್ಲೂ ಪಟ್ಟೆ ಕುಣಿದು ದಾರಿ ತಪ್ಪಿಸುತ್ತದೆ.

ದೂರದ ಗೋಪುರಗಳಲ್ಲೇ ಈ ಜಗಳ ಹೆಚ್ಚು. ಆಳದ ಲೆಕ್ಕ ಹತ್ತಿರದಲ್ಲಿ ನುಣ್ಣಗೆ, ದೂರಕ್ಕೆ ಹೋದಂತೆ ದೊರಗು. ಸಾಮಾನ್ಯ 24 ಬಿಟ್ ಆಳದ ಲೆಕ್ಕದಲ್ಲಿ ಕ್ಯಾಮೆರಾದ ಹತ್ತಿರದ ಮಿತಿಯನ್ನು (ಅದಕ್ಕಿಂತ ಸಮೀಪದ್ದನ್ನು ಯಂತ್ರ ಮೂಡಿಸುವುದಿಲ್ಲ) 0.1 ಮೀಟರಿಗೆ ಇಟ್ಟರೆ, 1000 ಮೀಟರ್ ದೂರದಲ್ಲಿ ಸುಮಾರು 60 ಸೆಂ.ಮೀ.ಗಿಂತ ಕಡಿಮೆ ಅಂತರ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮಿತಿಯನ್ನು 1 ಮೀಟರಿಗೆ ತಂದರೆ ಅದು 6 ಸೆಂ.ಮೀ.ಗೆ ಇಳಿಯುತ್ತದೆ. ದೂರಿನ ಪುಟದಲ್ಲಿ ‘ಎಷ್ಟು ದೂರದಲ್ಲಿ ಕಂಡಿತು?’ ಎಂಬ ಒಂದು ಸಾಲು ಇರಲೇಬೇಕು ಎನ್ನುವುದು ಇದಕ್ಕೇ.

ಗೋಡೆಯ ವಿಷಯ: ನಿಲುವಂಗಿ ಮೈಯೊಳಗೆ, ಕಾಲು ನೆಲದೊಳಗೆ ಹೋದರೆ ‘ತೂರಿದೆ’. ಕವಚದಿಂದ ಮೊಣಕೈ ತುಸುವೇ ಹೊರಬಂದಿದ್ದರೆ ‘ಇಣುಕಿದೆ’. ಮಂತ್ರದಿಂದ ಗೋಡೆ ದಾಟುವುದಕ್ಕೆ ‘ಹಾಯು’ ಇರಲಿ. ಹೊಳೆ ಹಾಯ್ದವನು ಆಚೆ ದಡ ಸೇರುತ್ತಾನೆ, ತೂರಿದವನು ನಡುವೆ ಸಿಕ್ಕಿಬೀಳುತ್ತಾನೆ.

ಪರದೆ ಅಡ್ಡಕ್ಕೆ ಸೀಳಿದಂತೆ ಕಾಣುವುದನ್ನು ದಯವಿಟ್ಟು ‘ತೆರೆ ಹರಿದಿದೆ’ ಎನ್ನಬೇಡಿ. ಕಡಲ ಬದಿಯವರಿಗೆ ತೆರೆ ಅಂದರೆ ಅಲೆ, ಹರಿಯುವುದು ನೀರು. ‘ಪರದೆಸೀಳು’ ಸಾಕು. ಪರದೆ ಒಂದು ಫ್ರೇಮನ್ನು ತೋರಿಸುತ್ತಿರುವಾಗಲೇ ಮುಂದಿನದು ಬಂದು ಕೂರುವುದರಿಂದ ಆಗುವ ದೋಷ ಇದು. ಸ್ಕ್ರೀನ್‌ಶಾಟ್‌ನಲ್ಲಿ ಸಿಗುವುದಿಲ್ಲ. ಫೋನಿನಿಂದ ಪರದೆಯ ವಿಡಿಯೊ ತೆಗೆದು ಕಳಿಸಲು ಹೇಳಬೇಕು.

ಓಡುವ ಪಾತ್ರದ ಹಿಂದೆ ಮಸುಕು ಅಚ್ಚು ಉಳಿಯುವುದಕ್ಕೆ ಇಂಗ್ಲಿಷಿನ ‘ಘೋಸ್ಟಿಂಗ್’ನಂತೆ ‘ಭೂತ’ ಸೇರಿಸಿ ಪದ ಕಟ್ಟುವುದು ಬೇಡ. ಆಟದಲ್ಲೇ ಭೂತಗಳಿವೆ, ಊರಲ್ಲೂ ಇವೆ. ‘ಬಾಲ ಬಿಡುತ್ತಿದೆ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಮುಂದೆ ಹೋದ ಪಾತ್ರ ತಟ್ಟನೆ ಹಿಂದಕ್ಕೆ ಬಂದು ನಿಂತರೆ ಅದು ಚಿತ್ರದ ದೋಷವೇ ಅಲ್ಲ, ನೆಟ್‌ವರ್ಕ್ ತಡವಾಗಿ ಸರ್ವರ್ ಪಾತ್ರದ ಜಾಗವನ್ನು ತಿದ್ದಿದ್ದು. ಅದಕ್ಕೆ ನಮ್ಮ ಸಮುದ್ರದ ಪದವೇ ಇದೆ: ‘ಸೆಳೆತ’.

ಗ್ಲಿಚ್ ಎಂಬುದು ಜಾರುವಿಕೆಯ ಅರ್ಥದ ಯಿಡ್ಡಿಷ್ ಪದದಿಂದ ಬಂದಿರಬಹುದು ಎನ್ನುತ್ತಾರೆ. ಕನ್ನಡಕ್ಕೆ ‘ಎಡವು’ ಚೆನ್ನ: ಎಡವಿದ್ದು ಮತ್ತೆ ನೆಟ್ಟಗಾಗುತ್ತದೆ. ಬಗ್‌ಗೆ, ಅಂದರೆ ತಂತ್ರಾಂಶದೊಳಗಿನ ತಪ್ಪಿಗೆ, ‘ಹುಳುಕು’. ಅದು ಒಳಗಿಂದ ತಿನ್ನುತ್ತಲೇ ಇರುತ್ತದೆ.

‘ಮಾನಾ’ ಪೆಸಿಫಿಕ್ ದ್ವೀಪಗಳ ಪದ. ಕನ್ನಡದಲ್ಲಿ ಹಾಗೇ ಇಟ್ಟರೆ ‘ನಿಮ್ಮ ಮಾನ ಹೋಗಿದೆ, ಸ್ವಲ್ಪ ಕಾಯಿರಿ’ ಎಂದು ಪರದೆಯ ಮೇಲೆ ಬರುತ್ತದೆ! ‘ತಪೋಬಲ’ ಹಾಕಿ. ಕೂತು ಗಳಿಸುವುದು, ಶಾಪ ಕೊಟ್ಟರೆ ಖರ್ಚಾಗುವುದು. ವಿಶ್ವಾಮಿತ್ರನ ಲೆಕ್ಕಪತ್ರ ಪೂರ್ತಿ ಇದೇ. 1999ರ ಎವರ್‌ಕ್ವೆಸ್ಟ್ ಆಟದಲ್ಲೂ ಮಂತ್ರವಾದಿಗಳು ಕೂತು ಧ್ಯಾನ ಮಾಡಿಯೇ ಮಾನಾ ತುಂಬಿಸಿಕೊಳ್ಳುತ್ತಿದ್ದರು.

ಮಂತ್ರಗಳ ವರ್ಗಕ್ಕೆ ಹೊಸದೇನೂ ಕಟ್ಟಬೇಕಿಲ್ಲ, ತಂತ್ರಶಾಸ್ತ್ರದ ಷಟ್ಕರ್ಮ ಸಿದ್ಧವಾಗಿದೆ. ಶಾಂತಿ ಅಂದರೆ ಪೀಡೆ ಕಳೆಯುವುದು, ವಶ್ಯ ಎದುರಾಳಿಯನ್ನು ತನ್ನ ಕಡೆ ಮಾಡಿಕೊಳ್ಳುವುದು, ಸ್ತಂಭನ ನಿಂತಲ್ಲೇ ಕಟ್ಟಿಹಾಕುವುದು, ವಿದ್ವೇಷಣ ಶತ್ರುಗಳನ್ನು ತಮ್ಮತಮ್ಮಲ್ಲೇ ಹೊಡೆದಾಡಿಸುವುದು, ಉಚ್ಚಾಟನ ಓಡಿಸುವುದು, ಮಾರಣ ಕೊಲ್ಲುವುದು. ಅಡಗಿದ್ದನ್ನು ಕಾಣಿಸುವ ಮಂತ್ರಕ್ಕೆ ‘ಅಂಜನ’, ಇಲ್ಲದ್ದನ್ನು ತೋರಿಸುವುದಕ್ಕೆ ‘ಕಣ್ಕಟ್ಟು’, ರೂಪ ಬದಲಿಸಿದವರಿಗೆ ಯಕ್ಷಗಾನದಂತೆ ಹೆಸರಿನ ಹಿಂದೆ ‘ಮಾಯಾ’: ಮಾಯಾಶೂರ್ಪನಖಿ ಬರುವಂತೆ ಮಾಯಾತೋಳ ಬರಲಿ.

ಶಿರಸಿಯಿಂದ ಮರುಮಾತು:

‘ಮೂಡು’ ಮತ್ತು ‘ತಪೋಬಲ’ ಕೂಡಲೇ ತೆಗೆದುಕೊಂಡೆವು. ‘ಎಡವು’ ಮಾತ್ರ ಒಪ್ಪಿಗೆಯಾಗಲಿಲ್ಲ. ಪಾತ್ರ ಎಡವಿತು ಅಂದರೆ ಕಲ್ಲಿಗೆ ಕಾಲು ತಾಗಿತೆಂದೇ ಓದುತ್ತಾರೆ. ‘ಎಡವಟ್ಟು’ ಇಡುತ್ತೇವೆ. ಷಟ್ಕರ್ಮದಲ್ಲಿ ಇನ್ನೊಂದು ತೊಂದರೆ: ಗುಂಡಿಯ ಮೇಲೆ ‘ಸ್ತಂಭನ’ ಹೋಗಿ ‘ಸಂಭನ’ ಆಗಿದೆ, ‘ಉಚ್ಚಾಟನ’ ‘ಉಚಾಟನ’ ಆಗಿದೆ.

ಕಾರವಾರದಿಂದ:

ಎಡವಟ್ಟು ಆಗಬಹುದು. ಗುಂಡಿಯದು ಒತ್ತಕ್ಷರ ಕತ್ತರಿಸಿಹೋದದ್ದು. ಪೆಟ್ಟಿಗೆಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದಿದ್ದಾರೆ, ಒತ್ತು ಕೆಳಗೆ ಇಳಿಯಲು ಜಾಗವಿಲ್ಲ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿನಿಂದ ಶುರುಮಾಡಿ ನೋಡಿ. ಒತ್ತು ಕೆಳಗಿಳಿಯದೆ ‘ಸ್‌ತಂಭನ’ ಎಂದು ಬಿಡಿಬಿಡಿಯಾಗಿ ಕಂಡರೆ ಕಾರಣ ಬೇರೆ: ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಂಥ ತಂತ್ರಾಂಶ ಆಟಕ್ಕೆ ಸೇರಿಲ್ಲ, ಆಗ ಎತ್ತರ ಎಷ್ಟು ಕೊಟ್ಟರೂ ಪ್ರಯೋಜನವಿಲ್ಲ. ಎರಡನ್ನೂ ಒಂದೇ ಸಲ ನೋಡಲು ‘ಅಸ್ತ್ರ’ ಎಂದು ಬರೆದು ನೋಡಿ, ಅದರಲ್ಲಿ ಎರಡು ಒತ್ತುಗಳಿವೆ.